ಶಾಮಿಸೆನ್ನಿನ ಮೂರು ತಂತಿಗಳಿಗೆ ಬೇರೆ ಹಲಗೆ: ನನ್ನ ಅನುಭವ

ಶಾಮಿಸೆನ್ ಎಂಬ ಮೂರು ತಂತಿಯ ಜಪಾನಿ ವಾದ್ಯ ನುಡಿಸುತ್ತ ಕುಳಿತ ಹೆಂಗಸಿನ ಚಿತ್ರವನ್ನು, ಗೆರೆಗಳಷ್ಟೇ ಉಬ್ಬಿ ನಿಲ್ಲುವಂತೆ ಹಲಗೆ ಕೆತ್ತಿ ಮಸಿ ಹಚ್ಚಿ ಕಾಗದಕ್ಕೆ ಒತ್ತುವ ಜಪಾನಿನ ಹಳೆಯ ಮರದಚ್ಚಿನ ಕ್ರಮದಲ್ಲೇ ಮುದ್ರಿಸಬೇಕೆಂದು ಟೋಕಿಯೋದ ನನ್ನ ಬಾಡಿಗೆ ಕೋಣೆಯಲ್ಲಿ ಕೆಲಸ ಹಿಡಿದು ಮೂರು ವರ್ಷವಾಗುತ್ತ ಬಂತು. ಮುಖವಾಗಲಿ ಮುಡಿಯಾಗಲಿ ಕಿಮೋನೊದ ನೆರಿಗೆಗಳಾಗಲಿ ನನ್ನನ್ನು ಹೆಚ್ಚು ಕಾಡಲಿಲ್ಲ; ಕಾಡಿದ್ದು ವಾದ್ಯದ ಮೂರು ತಂತಿಗಳು. ಸುಮಾರು 15 ಸೆಂಟಿಮೀಟರ್ ಉದ್ದ, ಅರ್ಧ ಮಿಲಿಮೀಟರಿನ ಆಸುಪಾಸಿನ ದಪ್ಪ, ಎಲ್ಲಿಯೂ ಕಡಿಯಬಾರದು, ನಡುಗಬಾರದು.

ಮೊದಲು ಶಿನಾ ಎಂಬ ಮೆದು ಮರದ ಪ್ಲೈವುಡ್ಡಿನಲ್ಲಿ ಕೆತ್ತಿದೆ. ಎರಡನೆಯ ತಂತಿಗೆ ಬರುವಷ್ಟರಲ್ಲಿ ಮೇಲಿನ ಪದರವೇ ಕಿತ್ತುಬಂತು. ಆಮೇಲೆ ಹಲಗೆಯೊಂದಕ್ಕೆ 8 ಸಾವಿರ ಯೆನ್ ತೆತ್ತು ಕಾಡುಚೆರ್ರಿಯ ಮರವನ್ನೇ ತಂದೆ. ನನ್ನ ಚಿತ್ರದಲ್ಲಿ ವಾದ್ಯದ ಕತ್ತು ಓರೆಯಾಗಿ ಮೇಲೇರುವುದರಿಂದ ತಂತಿಗಳು ಮರದ ಎಳೆಯನ್ನು ಅಡ್ಡಹಾಯುತ್ತಿದ್ದವು, ಹಾಗಾಗಿ ಅಂಚು ಅಕ್ಕಿನುಚ್ಚಿನಂತೆ ಉದುರುತ್ತಿತ್ತು. ಒಂದು ಹಲಗೆ ಉಳಿಯ ಕೆಳಗೇ ಹಾಳಾಯಿತು. ಇನ್ನೊಂದು 20 ಪ್ರತಿಗಳವರೆಗೆ ತಾಳಿಕೊಂಡು, ಕಾಗದದ ಬೆನ್ನನ್ನು ಉಜ್ಜುವ ಚಪ್ಪಟೆ ಬಿಲ್ಲೆಯಾದ ಬಾರೆನ್ನಿನ ಒತ್ತಡಕ್ಕೆ ನಡುವಿನ ತಂತಿಯನ್ನು ಕಳೆದುಕೊಂಡಿತು.

ರೇಖೆಗಳೆಲ್ಲ ಮೊದಲು ಮುದ್ರಿಸುವ ಮೂಲ ಹಲಗೆಯಲ್ಲೇ ಇರಬೇಕು, ತಂತಿಯನ್ನು ಬೇರೆ ಮಾಡಿದರೆ ಒದ್ದೆ ಕಾಗದ ಹಿಗ್ಗಿ ಒಂದಕ್ಕೊಂದು ಕೂಡುವುದಿಲ್ಲ ಎಂದು ನನಗಿಂತ ಅನುಭವಸ್ಥರಾದ ಇಬ್ಬರು ಕೆತ್ತನೆಗಾರರು ಎಚ್ಚರಿಸಿದ್ದರು. ಆದರೆ 1765ರಲ್ಲಿ ಚಿತ್ರಕಾರ ಸುಜುಕಿ ಹರುನೊಬುವಿನ ಕೈಯಲ್ಲಿ ಅರಳಿದ ಬಹುವರ್ಣ ಮುದ್ರಣ ನಿಂತದ್ದೇ ಹಲವು ಹಲಗೆಗಳನ್ನು ಕೆಂತೊ ಗುರುತಿನ (ಕಾಗದವನ್ನು ಪ್ರತಿ ಸಲ ಒಂದೇ ಜಾಗಕ್ಕೆ ಕೂರಿಸಲು ಹಲಗೆಯಲ್ಲಿ ಕೊರೆಯುವ ಕಚ್ಚು) ಬಲದಿಂದ ಒಂದೇ ಕಾಗದದ ಮೇಲೆ ಕೂಡಿಸುವುದರಲ್ಲಿ. ಬಣ್ಣಕ್ಕೆ ಒಪ್ಪುವ ಉಪಾಯ ತಂತಿಗೇಕೆ ಒಪ್ಪಬಾರದು ಎಂಬುದು ನನ್ನ ವಾದವಾಗಿತ್ತು.

ಹಾಳಾದ ಹಲಗೆಯಿಂದಲೇ 3 ಸೆಂಟಿಮೀಟರ್ ಅಗಲದ ಪಟ್ಟಿಯೊಂದನ್ನು ಸೀಳಿ, ಮರದ ಎಳೆ ತಂತಿಯ ದಿಕ್ಕಿಗೇ ಹರಿಯುವಂತೆ ಅದನ್ನು ಬೇರೊಂದು ತಳಹಲಗೆಗೆ ಓರೆಯಾಗಿ ಅಂಟಿಸಿ, ತಳಹಲಗೆಯಲ್ಲಿ ಕೆಂತೊ ಕೊರೆದೆ. ಮೂಲ ಹಲಗೆಯ ಮುದ್ರೆಯನ್ನು ಅದರ ಮೇಲೆ ಬೋರಲಾಗಿ ಅಂಟಿಸುವಾಗ ಮೊದಲ ಸಲ ಅಂಟು ಹೆಚ್ಚಾಗಿ ಕಾಗದ ಹಿಗ್ಗಿತು, ವಾದ್ಯದ ತಂತಿಗಳನ್ನು ಎತ್ತಿಹಿಡಿಯುವ ಕುದುರೆಯ ಬಳಿ ಅವು 1 ಮಿಲಿಮೀಟರ್ ಸರಿದವು. ಮರುಸಲ ಅಂಟನ್ನು ಮರಕ್ಕೇ ಅಂಗೈಯಿಂದ ತೆಳುವಾಗಿ ಸವರಿ ಒಣ ಕಾಗದವನ್ನು ಕೂರಿಸಿದೆ. ಗೆರೆಗೆ ಗೆರೆ ಕೂಡಿತು. ಮೊದಲ ತಂತಿಯನ್ನು ದಪ್ಪವಾಗಿ, ಮೂರನೆಯದನ್ನು ಅದರ ಅರ್ಧಕ್ಕೆ ಇಳಿಸಿ ಕೆತ್ತಿದ್ದೇನೆ, ಏಕೆಂದರೆ ವಾದ್ಯದಲ್ಲಿಯೂ ಮೊದಲನೆಯದೇ ದಪ್ಪ ತಂತಿ. ಇಕ್ಕಟ್ಟಾದ ಪಟ್ಟಿಯ ಆಚೆಗೆ ಜೋತುಬೀಳುವ ಕಾಗದಕ್ಕೆ ಮಸಿ ತಾಗದಂತೆ ಮಾಡಿದ ಏರ್ಪಾಡನ್ನೂ ಮಸಿಗೆ ಬೆರೆಸಿದ ಅಕ್ಕಿಯಂಟಿನ ಅಳತೆಯನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ, 1790ರ ದಶಕದ ಚಿತ್ರಕಾರ ಉತಮಾರೊನ ಚಿತ್ರಗಳಂತೆ ಹಿನ್ನೆಲೆಗೆ ಕಾಗೆಬಂಗಾರದ ಪುಡಿ ಹಾಕಿ ನೋಡಿದೆ. ಹೊಳಪು ಚೆನ್ನಾಗಿಯೇ ಬಂದರೂ ಪುಡಿ ಉದುರಿ ಆಕೆಯ ಕೆನ್ನೆಗೆ ಅಂಟಿತು. ಹತ್ತು ಹಾಳೆ ಕೆಡಿಸಿಕೊಂಡು ಬಿಟ್ಟುಬಿಟ್ಟೆ. ಅದಕ್ಕಿಂತ ಕೊರಳಪಟ್ಟಿಯ ಮೇಲೆ ಬಣ್ಣವಿಲ್ಲದೆ ಒತ್ತಿದ ಉಬ್ಬುಮುದ್ರೆಯೇ ನನಗೆ ತೃಪ್ತಿ ಕೊಟ್ಟಿತು: ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಬಿಳಿಯ ಮೇಲೆ ಬಿಳಿಯಾಗಿ ನೇಯ್ಗೆ ಎದ್ದು ಕಾಣುತ್ತದೆ.

ಎಚಿಜೆನ್ ಪ್ರದೇಶದ ಹೋಶೊ ಎಂಬ ಕೈಕಾಗದ ಹಾಳೆಗೆ ಸಾವಿರದೈನೂರು ಯೆನ್ನಿನ ಹತ್ತಿರ ಬಿತ್ತು. ಒಂದರಲ್ಲಿ ನಾಲ್ಕು ಚಿತ್ರ. ಮರ, ಕಾಗದ, ಬಣ್ಣ ಎಲ್ಲ ಸೇರಿ 90 ಸಾವಿರ ಯೆನ್ ಖರ್ಚಾಗಿರಬೇಕು. ಕೊನೆಯ ಸುತ್ತಿನ 70 ಪ್ರತಿಗಳಲ್ಲಿ 60ಕ್ಕೂ ಹೆಚ್ಚು ನಿರ್ದೋಷವಾಗಿ ಬಂದಿವೆ, ತಂತಿಯ ಹಲಗೆ ಇನ್ನೂ ಹರಿತವಾಗಿದೆ. ಪ್ರತಿಗೆ 6 ಸಾವಿರದಂತೆ ಹನ್ನೊಂದು ಮಾರಾಟವಾಗಿವೆ, ಎಚ್ಚರಿಸಿದ್ದ ಇಬ್ಬರಲ್ಲಿ ಒಬ್ಬರು ತಾವಾಗಿಯೇ ಬಂದು ಒಂದನ್ನು ಕೊಂಡರು. ಈಗ ಕೊತೊ ಎಂಬ ಉದ್ದನೆಯ ತಂತಿವಾದ್ಯ ನುಡಿಸುವವಳ ಚಿತ್ರಕ್ಕೆ 13 ತಂತಿಗಳ ಪಟ್ಟಿಯನ್ನು ಸೀಳಿ ಒಣಗಲು ಇಟ್ಟಿದ್ದೇನೆ.