ರಬ್ಬರ್ ಡಬ್ಬಿಗೆ ಹಾಕಿ, ಆಮೇಲೆ ಪೆನ್ಸಿಲ್ ಹಿಡಿಯಿರಿ

ಜೂನ್ ಮೊದಲ ವಾರ ಡ್ರಾಯಿಂಗ್ ಕಲಿಸಲು ಎಂಟನೇ ಕ್ಲಾಸಿಗೆ ಹೋದ ಕೂಡಲೇ ನಾನು ಮಾಡುವ ಕೆಲಸ ರಬ್ಬರ್ ವಸೂಲಿ. ಹಳೇ ಬಿಸ್ಕೆಟ್ ಡಬ್ಬಿಯೊಂದು ಬೆಂಚಿನಿಂದ ಬೆಂಚಿಗೆ ದಾಟುತ್ತದೆ. 46 ಮಕ್ಕಳು, 46 ರಬ್ಬರ್. ಪರಿಮಳದ ರಬ್ಬರ್ ಇರುವವರಿಗೆ ಕೊಡೋಕೆ ಮನಸ್ಸೇ ಬರಲ್ಲ.

ರಬ್ಬರ್ ಕೈಯಲ್ಲಿದ್ದರೆ 40 ನಿಮಿಷದ ಪೀರಿಯಡ್ಡಿನಲ್ಲಿ ಅರ್ಧ ಹೊತ್ತು ಅಳಿಸೋದರಲ್ಲೇ ಹೋಗುತ್ತದೆ. ಇಲ್ಲದಿದ್ದರೆ ಮಗು ತಪ್ಪಿದ ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆಯುತ್ತದೆ. ಎಷ್ಟು ತಪ್ಪಿದೆ ಅಂತ ಗೊತ್ತಾಗಲು ಆ ಹಳೇ ಗೆರೆ ಅಲ್ಲೇ ಇರಬೇಕು. ಶುರುವಿನ ಗೆರೆ ತೆಳ್ಳಗಿರಲಿ, ಪೆನ್ಸಿಲ್ಲಿನ ತುದಿಯಿಂದ ದೂರ ಹಿಡಿಯಲಿ. ಅಷ್ಟು ಸಾಕು.

ನಾನು ಸಾಗರದ ಕಡೆ 19 ವರ್ಷದಿಂದ ಡ್ರಾಯಿಂಗ್ ಟೀಚರ್. ಮೊದಲ ಎರಡು ವರ್ಷ ಬೋರ್ಡಿನ ಮೇಲೆ ಮಾವಿನಹಣ್ಣು ಬರೆದು ‘ನೋಡ್ಕೊಂಡು ಬರೀರಿ’ ಅಂದುಬಿಡುತ್ತಿದ್ದೆ. ಒಂದು ದಿನ ಎಲೆ ಬರೆಯುವಾಗ ಸೀಮೆಸುಣ್ಣ ಜಾರಿ ತುದಿ ಸೊಟ್ಟಗಾಯಿತು. ಪುಸ್ತಕ ತಿದ್ದಲು ಕೂತರೆ ಇಡೀ ಕ್ಲಾಸಿನ ಎಲೆಗಳೂ ಸೊಟ್ಟ! ಅವರು ಮಾವು ನೋಡಿರಲೇ ಇಲ್ಲ, ನನ್ನ ಕೈ ನೋಡಿದ್ದರು. ಅವತ್ತಿಂದ ಬೋರ್ಡಿನ ಮೇಲೆ ಚಿತ್ರ ಬರೆಯೋದು ಬಿಟ್ಟೆ. ಮೇಜಿನ ಮೇಲೆ ವಸ್ತು ಇಡುತ್ತೇನೆ.

ಏನಿಡಬೇಕು? ಸ್ಟೀಲ್ ಚೊಂಬು ಬೇಡ, ಅದರಲ್ಲಿ ಕಿಟಕಿ, ಟ್ಯೂಬ್‌ಲೈಟ್, ಪಕ್ಕದವನ ಮುಖ ಎಲ್ಲ ಕಾಣುತ್ತದೆ. ನನ್ನ ಹತ್ತಿರ ಬಿಳಿ ಡಿಸ್ಟೆಂಪರ್ ಬಳಿದ ಒಂದು ತೆಂಗಿನಕಾಯಿ ಇದೆ, ಜುಟ್ಟು ತೆಗೆದು ಉಜ್ಜಿ ನುಣುಪು ಮಾಡಿದ್ದು. ಬಣ್ಣ ಇಲ್ಲದ್ದರಿಂದ ನೆರಳು-ಬೆಳಕು ಮಾತ್ರ ಕಾಣುತ್ತದೆ. ಒಂದು ಬದಿಯ ಕಿಟಕಿ ಪೂರ್ತಿ ಮುಚ್ಚಿ. ಬೆಳಕು ಒಂದೇ ಕಡೆಯಿಂದ ಬರಬೇಕು.

ಮೊದಲು ಐದು ಚೌಕ ಬರೆಸಿ. ಮೊದಲನೆಯದು ಬರೀ ಕಾಗದ, ಐದನೆಯದು 6ಬಿ ಅನ್ನೋ ಮೆದು ಪೆನ್ಸಿಲ್ಲಿನಲ್ಲಿ ಆದಷ್ಟು ಕಪ್ಪು, ನಡುವಿನ ಮೂರು ಮೆಟ್ಟಿಲಿನ ಹಾಗೆ. ಗೆರೆ ಪಕ್ಕ ಗೆರೆ, ಅದರ ಮೇಲೆ ಓರೆಗೆರೆ. ಬೆರಳಿಂದ ಉಜ್ಜಲು ಬಿಡಬೇಡಿ. ಕೈ ಜಿಡ್ಡು ಹತ್ತಿದ ಜಾಗ ಮಿರಿಮಿರಿ ಮಿಂಚುತ್ತದೆ, ಅಲ್ಲಿ ಮತ್ತೆ ಪೆನ್ಸಿಲ್ ಕೂರೋದಿಲ್ಲ. ಸುಮ್ನೆ ಬೈದು ಉಪಯೋಗವಿಲ್ಲ, ಒಂದು ಹಾಳೆಯಲ್ಲಿ ಉಜ್ಜಿ ತೋರಿಸಿಬಿಡಿ.

ಆಮೇಲೆ ಕಣ್ಣು ಅರ್ಧ ಮುಚ್ಚಿ ಕಾಯಿ ನೋಡಲು ಹೇಳಿ, ‘ಅತಿ ಕಪ್ಪು ಎಲ್ಲಿದೆ?’ ಅಂತ ಕೇಳುತ್ತೇನೆ. ಎಲ್ಲರೂ ಹೇಳೋದು ನೆರಳಿನ ಕಡೆಯ ಕೊನೇ ಅಂಚು. ಅಲ್ಲ. ಕಾಯಿಯ ಮೇಲೆ ದಟ್ಟ ನೆರಳು ಇರುವುದು ಅಂಚಿಗಿಂತ ಸ್ವಲ್ಪ ಒಳಗೆ, ಒಂದು ಪಟ್ಟಿಯ ಹಾಗೆ. ಅಂಚಿನ ಹತ್ತಿರ ಮತ್ತೆ ತುಸು ತಿಳಿಯಾಗುತ್ತದೆ. ಕೆಳಗಿನ ಬಿಳಿ ಹಾಳೆಗೆ ಬಿದ್ದ ಬೆಳಕು ಪುಟಿದು ಅಲ್ಲಿಗೆ ಬರುತ್ತದೆ. ಮಕ್ಕಳು ನಂಬಲ್ಲ. ಆಗ ಬಿಳಿ ಹಾಳೆ ತೆಗೆದು ಹರಿದ ಕೊಡೆಯ ಕಪ್ಪು ಬಟ್ಟೆ ಹಾಸುತ್ತೇನೆ. ಆ ತಿಳಿ ಅಂಚು ಮಾಯ! ಹಾಳೆ ಇಟ್ಟರೆ ಮತ್ತೆ ಹಾಜರು. ಮೂರ್ನಾಲ್ಕು ಸಲ ಹೀಗೆ ಮಾಡಿ. ಹಿಂದಿನ ಬೆಂಚಿನವರು ಎದ್ದು ಬರುತ್ತಾರೆ, ಬರಲಿ. ಇದನ್ನು ಒಮ್ಮೆ ಕಂಡ ಮಗು ದುಂಡನೆಯ ಯಾವುದನ್ನೂ ಮತ್ತೆ ಚಪ್ಪಟೆಯಾಗಿ ಬರೆದದ್ದು ನಾನು ನೋಡಿಲ್ಲ.

ಪರ್ಸ್ಪೆಕ್ಟಿವ್‌ಗೆ, ಅಂದರೆ ದೂರ-ಹತ್ತಿರ ತೋರಿಸುವ ಪಾಠಕ್ಕೆ, ಜಾಸ್ತಿ ಸಮಯ ಬೇಡ. ವರಾಂಡದಲ್ಲಿ ಸಾಲಾಗಿ ಕೂರಿಸಿ, ಪರೀಕ್ಷೆ ಪ್ಯಾಡನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿಸಿ. ಅದಕ್ಕಿಂತ ಮೇಲಿರುವ ಸೂರಿನ ಗೆರೆ ದೂರ ಹೋದಂತೆ ಕೆಳಗಿಳಿಯುತ್ತದೆ, ಕೆಳಗಿರುವ ಜಗಲಿಯ ಗೆರೆ ಮೇಲೇರುತ್ತದೆ. ಎರಡೂ ಒಂದೇ ಚುಕ್ಕಿಗೆ ಹೋಗಿ ಸೇರುತ್ತವೆ.

ನೀರುಬಣ್ಣ ಮಳೆಗಾಲದಲ್ಲಿ ಮುಟ್ಟಲೇಬೇಡಿ, ಮಲೆನಾಡಿನಲ್ಲಂತೂ ಬೇಡ. ಫೆಬ್ರವರಿಯಲ್ಲಿ ಹತ್ತು ನಿಮಿಷಕ್ಕೆ ಒಣಗುವ ವಾಶ್ (ಹಾಳೆಯ ಮೇಲೆ ಸಮನಾಗಿ ಬಳಿದ ನೀರು ನೀರಾದ ಬಣ್ಣ) ಜುಲೈನಲ್ಲಿ ಮುಂದಿನ ಪೀರಿಯಡ್ಡಿಗೂ ಒದ್ದೆಯೇ. ನಾನು ದಸರಾ ರಜೆ ಮುಗಿದ ಮೇಲೇ ಬಣ್ಣ ತೆಗೆಸೋದು. ಡ್ರಾಯಿಂಗ್ ಬುಕ್ಕಿನ ತೆಳು ಹಾಳೆ ಹಪ್ಪಳದ ಹಾಗೆ ಉಬ್ಬುತ್ತದೆ. ದಪ್ಪ ಕಾರ್ಟ್ರಿಡ್ಜ್ ಹಾಳೆಯನ್ನು ನಾಲ್ಕಾಗಿ ಕತ್ತರಿಸಿ, ಪ್ಯಾಡಿಗೆ ನಾಲ್ಕೂ ಬದಿ ಟೇಪ್ ಅಂಟಿಸಿ.

ವಾಶ್ ಬಳಿಯಲು ಪ್ಯಾಡಿನ ಮೇಲ್ಬದಿಗೆ ಜಾಮಿಟ್ರಿ ಬಾಕ್ಸ್ ಕೊಟ್ಟು ಇಳಿಜಾರು ಮಾಡಿ. ಬಣ್ಣ ಧಾರಾಳವಾಗಿ ಕಲಸಿಟ್ಟುಕೊಳ್ಳಲಿ. ಬ್ರಷ್ ತುಂಬಿಸಿ ಎಡದಿಂದ ಬಲಕ್ಕೆ ಒಂದೇ ಎಳೆತ. ಕೆಳಗೆ ಬಣ್ಣದ ಹನಿ ದಾರದ ಹಾಗೆ ಸಾಲಾಗಿ ನಿಲ್ಲುತ್ತದೆ. ಮುಂದಿನ ಎಳೆತ ಆ ಹನಿಸಾಲನ್ನು ತಾಗಿಸಿಕೊಂಡೇ ಹೋಗಬೇಕು. ಕೊನೆಗೆ ಉಳಿದ ಹನಿಯನ್ನು ಹಿಂಡಿದ ಬ್ರಷ್ ಹೀರಿಕೊಳ್ಳುತ್ತದೆ. ಆಮೇಲೆ ಕೈ ಕಟ್ಟಿ ಕೂರಬೇಕು. ಕಷ್ಟ ಇರೋದು ಇಲ್ಲೇ. ಅರೆ ಒಣಗಿದಾಗ ‘ಇಲ್ಲೊಂಚೂರು ಸರಿ ಮಾಡ್ತೀನಿ’ ಅಂತ ಒದ್ದೆ ಬ್ರಷ್ ಇಟ್ಟರೆ ಮಳೆಗಾಲದ ಗೋಡೆಯ ಒರತೆ ಕಲೆ ಎದ್ದುಬಿಡುತ್ತದೆ. ನಾನೇ ಪ್ರತಿ ವರ್ಷ ಒಂದು ಹಾಳೆ ಬೇಕಂತ ಕೆಡಿಸಿ ತೋರಿಸುತ್ತೇನೆ.

ನೀರುಬಣ್ಣದಲ್ಲಿ ಬಿಳಿ ಅಂದರೆ ಬಿಟ್ಟ ಕಾಗದ. ಪೋಸ್ಟರ್ ಕಲರಿನಲ್ಲಿ ಹಾಗಲ್ಲ, ಕಪ್ಪಿನ ಮೇಲೂ ಬಿಳಿ ಕೂರುತ್ತದೆ. ಎರಡನ್ನೂ ಒಂದೇ ತಿಂಗಳು ಕಲಿಸಿದರೆ ಗೊಂದಲ ಗ್ಯಾರಂಟಿ. ಕಪ್ಪು ಟ್ಯೂಬನ್ನು ರಬ್ಬರ್ ಡಬ್ಬಿಗೆ ಸೇರಿಸಿ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣ ಬೆರೆಸಿದರೆ ಅದಕ್ಕಿಂತ ಚೆಂದದ ಕಡುಬಣ್ಣ ಬರುತ್ತದೆ. ಟ್ಯೂಬಿನ ಹಸಿರು ನಮ್ಮ ಅಡಿಕೆ ತೋಟಕ್ಕೆ ಹೊಂದಲ್ಲ, ಪ್ಲಾಸ್ಟಿಕ್ ಗಿಡದ ಹಾಗೆ ಕಾಣುತ್ತದೆ. ಒಂದು ಚೂರು ಕೆಂಪು ಹಾಕಿ ನೋಡಿ.

ಗೆರೆಯ ಪಾಠಕ್ಕೆ ನಮ್ಮ ಕಡೆ ಪುಸ್ತಕ ಬೇಕಿಲ್ಲ. ದೀವರು ಸಮುದಾಯದ ಮನೆಗಳ ಗೋಡೆಚಿತ್ರ, ಹಸೆ ಚಿತ್ತಾರ ಇದೆ. ಕೆಮ್ಮಣ್ಣು ಬಳಿದ ಗೋಡೆ, ಅರೆದ ಅಕ್ಕಿಯ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಬ್ರಷ್. ಒಬ್ಬಳು ವಿದ್ಯಾರ್ಥಿನಿಯ ಅಜ್ಜಿ ಒಮ್ಮೆ ಶಾಲೆಗೆ ಬಂದು ಗೆರೆ ಎಳೆದು ತೋರಿಸಿದರು. ಸ್ಕೇಲ್ ಇಲ್ಲ, ಅವಸರವೂ ಇಲ್ಲ. ಮಣಿಕಟ್ಟು ಅಲ್ಲಾಡಲಿಲ್ಲ, ಇಡೀ ತೋಳು ಚಲಿಸುತ್ತಿತ್ತು. ಅವತ್ತಿಂದ ಉದ್ದ ಗೆರೆ ಎಳೆಸುವಾಗ ಮಕ್ಕಳನ್ನು ಎಬ್ಬಿಸಿ ನಿಲ್ಲಿಸುತ್ತೇನೆ.

ಕೊನೇ ತಿಂಗಳು ಅಚ್ಚು. ಅಚ್ಚು ಕೊರೆಯುವ ಮೆದು ಲಿನೋ ಹಾಳೆ ನಮ್ಮೂರಲ್ಲಿ ಸಿಗಲ್ಲ, ಅದರ ಬದಲು ಹಳೇ ಹವಾಯಿ ಚಪ್ಪಲಿಯ ಅಟ್ಟೆ. ತೊಳೆದು ಒಣಗಿಸಿ, ಚೌಕ ಕತ್ತರಿಸುವ ಕೆಲಸ ನೀವೇ ಮಾಡಿ. ಮಕ್ಕಳು ಬಾಲ್‌ಪೆನ್ ಒತ್ತಿ ಗೀರಲಿ. ಒತ್ತಿದ್ದು ಬಿಳಿಯಾಗಿ ಉಳಿಯುತ್ತದೆ, ಉಬ್ಬಿದ್ದು ಅಚ್ಚಾಗುತ್ತದೆ. ದಪ್ಪ ಪೋಸ್ಟರ್ ಕಲರನ್ನು ಸ್ಪಂಜಿನಲ್ಲಿ ತೆಳ್ಳಗೆ ತಟ್ಟಿ, ಕಾಗದ ಮೇಲಿಟ್ಟು ಚಮಚದ ಬೆನ್ನಿನಿಂದ ಉಜ್ಜಬೇಕು. ಅಕ್ಷರ ಇದ್ದರೆ ತಿರುಗಾಮುರುಗಾ ಕೊರೆಯಬೇಕು ಅಂತ ಎಷ್ಟು ಹೇಳಿದರೂ ಪ್ರತಿ ವರ್ಷ ನಾಲ್ಕೈದು ಹೆಸರು ಉಲ್ಟಾ ಬೀಳುತ್ತವೆ. ಹಳೇ ಚಪ್ಪಲಿ ಅಂತ ಒತ್ತಿ ಹೇಳುವುದನ್ನು ಮಾತ್ರ ಮರೆಯಬೇಡಿ. ಹೋದ ವರ್ಷ ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, ಎಡಗಾಲಿನದ್ದು ಮಾತ್ರ ಯಾಕೆ ತರಿಸಿದ್ದು ಟೀಚರ್, ಅಂತ ಕೇಳಿದರು.