ಮೋರಿಸ್ ಮೈನರ್‌ಗೆ ಸೆಲ್ಫ್ ಮೋಟರ್ ಕೊಳ್ಳುವ ಮುಂಚೆ

ಮೈಸೂರಿನ ನಮ್ಮ ಗ್ಯಾರೇಜಿಗೆ ಬರುವ ಹಳೇ ಕಾರುಗಳಲ್ಲಿ ನನಗೆ ತುಂಬ ಪ್ರೀತಿ ಮೋರಿಸ್ ಮೈನರ್ ಮೇಲೆ. ಸೆಲ್ಫ್ ಅಂದರೆ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟರ್. "ಸೆಲ್ಫ್ ಹೋಯ್ತು, ಹೊಸದು ಹಾಕ್ಬಿಡಿ" ಅಂತ ಬಂದವರ ಕಾರಿನಲ್ಲಿ ನಾನು ಮೊದಲು ಮುಟ್ಟುವುದು ಬ್ಯಾಟರಿಯನ್ನು. ಸುಮ್ಮನಿದ್ದಾಗ 12.6 ವೋಲ್ಟ್ ಇರಬೇಕು. ಸೆಲ್ಫ್ ಹೊಡೆದಾಗ 10ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೇ ಮೊದಲ ಅನುಮಾನ. ಕುಸಿಯದೆಯೂ ಮೋಟರ್ ನರಳಿದರೆ, ಸೆಲ್ಫ್ ಹೊಡೆಯುತ್ತಲೇ ಬ್ಯಾಟರಿಯ ಅರ್ತ್ ತುದಿಗೂ (ಕಾರಿನ ಮೈಗೆ ಸೇರಿಸಿರುವ ತುದಿ) ಎಂಜಿನ್ ಮೈಗೂ ನಡುವೆ ಅಳೆಯಿರಿ. ಅರ್ಧ ವೋಲ್ಟ್ ದಾಟಿತೋ, ಎಂಜಿನ್ನನ್ನು ಕಾರಿನ ಮೈಗೆ ಸೇರಿಸುವ ಅರ್ತ್ ಪಟ್ಟಿ ಕೆಟ್ಟಿದೆ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ಕರೆಂಟಿಗೆ ವಾಪಸ್ ದಾರಿ ಆ ಪಟ್ಟಿಯೇ.

ಅದೂ ಸರಿಯಿದ್ದರೆ ಮೋಟರ್ ಇಳಿಸಿ. ಕಾರ್ಬನ್ ಬ್ರಷ್ ಸವೆದು 8 ಮಿಲಿಮೀಟರಿಗಿಂತ ಗಿಡ್ಡವಾಗಿದ್ದರೆ ಬದಲಿಸಿ. ಶಾಫ್ಟ್ ತಿರುಗುವ ಕಂಚಿನ ಬುಶ್ ಸಡಿಲವಾಗಿದ್ದರೆ ಹೊಸದನ್ನು ಒಂದು ದಿನ ಎಂಜಿನ್ ಆಯಿಲ್‌ನಲ್ಲಿ ನೆನೆಸಿ ಕೂರಿಸಿ. ಬೆಂಡಿಕ್ಸ್ (ಮೋಟರಿನ ಪುಟ್ಟ ಹಲ್ಲುಚಕ್ರವಾದ ಪಿನಿಯನ್ನನ್ನು ಸರಿಸಿ ಎಂಜಿನ್ನಿಗೆ ಸೇರಿಸುವ ಭಾಗ) ಸಿಕ್ಕಿಕೊಳ್ಳುತ್ತಿದ್ದರೆ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಗ್ರೀಸ್ ಮಾತ್ರ ಬೇಡ, ಕ್ಲಚ್ಚಿನ ಪುಡಿ ಮೆತ್ತಿಕೊಂಡು ಮತ್ತೆ ಕಚ್ಚಿಕೊಳ್ಳುತ್ತದೆ. ಲೂಕಾಸ್ ಕಂಪನಿಯ ಹಳೇ ಮೋಟರುಗಳು ಎಷ್ಟೋ ಸಲ ಇಷ್ಟಕ್ಕೇ ಎದ್ದು ನಿಲ್ಲುತ್ತವೆ.

ಆರ್ಮೇಚರ್ರೇ, ಅಂದರೆ ಮೋಟರಿನ ಒಳಗೆ ತಿರುಗುವ ಸುರುಳಿಯೇ, ಸುಟ್ಟಿದ್ದರೆ ಬೇರೆ ಮೋಟರ್ ಹುಡುಕಬೇಕು. ಆಗ ಕೇಳಬೇಕಾದ ದೊಡ್ಡ ಪ್ರಶ್ನೆ: ನಿಮ್ಮ ಕಾರಿನ ಮೈಗೆ ಸೇರಿಸಿರುವುದು ಬ್ಯಾಟರಿಯ ಪ್ಲಸ್ಸೋ ಮೈನಸ್ಸೋ? ಮೈನರ್ ಬಹಳ ವರ್ಷ ಪ್ಲಸ್ ಅರ್ತ್‌ನಲ್ಲೇ ಬಂದ ಕಾರು. ಇದನ್ನು ನಾನು ನಷ್ಟಪಟ್ಟು ಕಲಿತೆ. ನಿವೃತ್ತ ಮೇಷ್ಟ್ರೊಬ್ಬರ 948 ಸಿಸಿ ಗಾಡಿಗೆ ಗೇರ್ ಇರುವ ಹೊಸ ಪುಟ್ಟ ಮೋಟರ್ ತಂದು ಹಾಕಿದೆ. ಅವರು ಸೆಲ್ಫ್ ಹೊಡೆಯುವ ನಾಬ್ ಎಳೆದರು. ಮೋಟರ್ ಜುಂಯ್ ಅಂತ ತಿರುಗಿತು, ಎಂಜಿನ್ ಕದಲಲೇ ಇಲ್ಲ. ಹಳೆಯದರಲ್ಲಿ ಫೀಲ್ಡೂ (ಆರ್ಮೇಚರ್ ಸುತ್ತ ಅಲುಗದೆ ಕೂತ ಅಯಸ್ಕಾಂತ) ಕಾಯಿಲ್, ಆರ್ಮೇಚರೂ ಕಾಯಿಲ್. ಪ್ಲಸ್ ಮೈನಸ್ ಅದಲುಬದಲಾದರೆ ಎರಡೂ ಒಟ್ಟಿಗೆ ತಿರುಗುಮುರುಗಾಗಿ, ಮೋಟರ್ ಅದೇ ದಿಕ್ಕಿಗೇ ಓಡುತ್ತದೆ. ಹೊಸದರಲ್ಲಿ ಫೀಲ್ಡಿನ ಜಾಗದಲ್ಲಿ ಮ್ಯಾಗ್ನೆಟ್. ಅದು ಬದಲಾಗುವುದಿಲ್ಲ, ಹಾಗಾಗಿ ಮೋಟರ್ ಉಲ್ಟಾ ಓಡುತ್ತದೆ, ಒಂದೇ ದಿಕ್ಕಿಗೆ ಕಚ್ಚುವ ಒಳಗಿನ ಒನ್‌ವೇ ಕ್ಲಚ್ ಜಾರುತ್ತದೆ. ಮ್ಯಾಗ್ನೆಟ್ ಮೋಟರೇ ಬೇಕೆಂದರೆ ಗಾಡಿಯನ್ನು ಮೈನಸ್ ಅರ್ತ್‌ಗೆ ಬದಲಿಸಿ, ಬ್ಯಾಟರಿ ಚಾರ್ಜ್ ಮಾಡುವ ಡೈನಮೋವನ್ನೂ ಹೊಸ ಪ್ಲಸ್ ಮೈನಸ್‌ಗೆ ಹೊಂದುವಂತೆ ಪೋಲರೈಸ್ ಮಾಡಬೇಕು. ಇಲ್ಲವೇ ಕಾಯಿಲ್ ಫೀಲ್ಡಿನ ಹಳೇ ಮಾದರಿಯನ್ನೇ ಹುಡುಕಿ. ನಾನಂತೂ ಎರಡನೆಯದನ್ನೇ ಹೇಳುತ್ತೇನೆ.

ಮೋಟರ್ ಇಳಿಸಿದಾಗ ಆ ತೂತಿನಲ್ಲಿ ರಿಂಗ್ ಗೇರ್, ಅಂದರೆ ಪಿನಿಯನ್ ಕಚ್ಚಿ ತಿರುಗಿಸುವ ಎಂಜಿನ್ನಿನ ದೊಡ್ಡ ಹಲ್ಲುಬಳೆ, ಕಾಣುತ್ತದೆ. ಪ್ಲಗ್ ಬಿಚ್ಚಿ, ನ್ಯೂಟ್ರಲ್‌ನಲ್ಲಿಟ್ಟು, ಹಲ್ಲೊಂದಕ್ಕೆ ಸೀಮೆಸುಣ್ಣ ಹಚ್ಚಿ, ಹ್ಯಾಂಡಲ್‌ನಿಂದ ನಿಧಾನ ತಿರುಗಿಸುತ್ತಾ ಪೂರ್ತಿ ಸುತ್ತು ನೋಡಿ. ನಾಲ್ಕು ಸಿಲಿಂಡರ್ ಎಂಜಿನ್ ನಿಲ್ಲುವುದು ಸಾಮಾನ್ಯವಾಗಿ ಎರಡೇ ಜಾಗದಲ್ಲಿ, ಹಲ್ಲು ಸವೆಯುವುದೂ ಅಲ್ಲೇ, ಎದುರುಬದುರಾಗಿ. ಅಲ್ಲಿ ಹಲ್ಲು ಮುಕ್ಕಾಗಿದ್ದರೆ ಹೊಸ ಪಿನಿಯನ್ನನ್ನೂ ಅದು ತಿಂದುಹಾಕುತ್ತದೆ, ಮೊದಲು ರಿಂಗ್ ಬದಲಿಸಿ. ಹಲ್ಲಿನ ಯಾವ ಬದಿಯನ್ನು ಓರೆಯಾಗಿ ತೇಯ್ದಿದ್ದಾರೆ ಅನ್ನುವುದನ್ನೂ ಗಮನಿಸಿ, ಪಿನಿಯನ್ ಬಂದು ಸೇರಬೇಕಾದದ್ದು ಆ ಬದಿಯಿಂದ. ಬೇರೆ ಕಾರಿನ ಮೋಟರ್ ಬೋಲ್ಟಿಗೆ ಸರಿಹೋದರೂ ಅದರ ಪಿನಿಯನ್ ಎದುರು ಬದಿಯಿಂದ ನುಗ್ಗುವಂಥದ್ದಿರಬಹುದು.

ಅಂಗಡಿಗೆ ಹಳೇ ಮೋಟರನ್ನು ಹೊತ್ತುಕೊಂಡೇ ಹೋಗಿ. ಪಿನಿಯನ್ ಹಲ್ಲು ಎಣಿಸಿ, ಬೋಲ್ಟಿನ ತೂತುಗಳ ಅಂತರ ಅಳೆಯಿರಿ. ಸೊಲೆನಾಯ್ಡ್ (ಕರೆಂಟಿನಿಂದ ನಡೆಯುವ ದೊಡ್ಡ ಸ್ವಿಚ್ಚು) ಮೈಮೇಲೇ ಇರುವ ಮೋಟರ್ ಆದರೆ ಅದಕ್ಕೆ ಬ್ಯಾಟರಿಯಿಂದ ನೇರ ದಪ್ಪ ಕೇಬಲ್ಲೂ ಸ್ವಿಚ್ಚಿನಿಂದ ಒಂದು ತೆಳು ವೈರೂ ಬೇಕು, ಎಳೆಯುವ ನಾಬಿನ ಹಳೇ ಜೋಡಣೆ ಸಾಲದು. ಕೊನೆಗೆ ಹೊಸದನ್ನು ವೈಸ್‌ನಲ್ಲಿ ಬಿಗಿದು, ನಿಮ್ಮ ಕಾರಿನ ಪ್ಲಸ್ ಮೈನಸ್ ಹೇಗಿದೆಯೋ ಹಾಗೇ ಬ್ಯಾಟರಿ ಕೊಟ್ಟು ನೋಡಿ. ಹಳೆಯದು ತಿರುಗುತ್ತಿದ್ದ ದಿಕ್ಕಿಗೇ ಅದರ ಪಿನಿಯನ್ನೂ ತಿರುಗಿದರೆ ದುಡ್ಡು ಕೊಡಿ.