ನೋಡಿದವರು ನಂಬುವಂಥ ಪ್ರಾತ್ಯಕ್ಷಿಕೆ ತಾಕು: ಹೊಸ ಕೃಷಿ ವಿಸ್ತರಣಾಧಿಕಾರಿಗಳಿಗೆ

ಪ್ರಾತ್ಯಕ್ಷಿಕೆ ಎಂದರೆ ಹೊಸ ವಿಧಾನವೊಂದನ್ನು ರೈತನ ಹೊಲದಲ್ಲೇ ಬೆಳೆದು ತೋರಿಸುವುದು. ಹೊಸದಾಗಿ ಕೆಲಸಕ್ಕೆ ಸೇರಿದ ವಿಸ್ತರಣಾಧಿಕಾರಿಗಳು ಹಾಕಿಸುವ ಎಷ್ಟೋ ಪ್ರಾತ್ಯಕ್ಷಿಕೆಗಳಲ್ಲಿ ಬೋರ್ಡು ಇರುತ್ತದೆ, ಫೋಟೊ ಇರುತ್ತದೆ, ಹೋಲಿಸಿ ನೋಡಲು ಪಕ್ಕದಲ್ಲಿ ಏನೂ ಇರುವುದಿಲ್ಲ. ನೋಡಲು ಬಂದವರು ‘ಈ ಹೊಲ ಮೊದಲಿಂದಲೂ ಚೆನ್ನಾಗೇ ಇತ್ತು ಬಿಡಿ’ ಎಂದು ಹೊರಟುಬಿಡುತ್ತಾರೆ. ಅವರದು ನ್ಯಾಯವಾದ ಮಾತು.

ಮೊದಲು ರೈತರ ಆಯ್ಕೆ. ದೊಡ್ಡ ಜಮೀನುದಾರರನ್ನು ಒಪ್ಪಿಸುವುದು ಸುಲಭ, ಆದರೆ ಅವರು ಬೇಡ. ಅಷ್ಟು ನೀರು, ಅಷ್ಟು ಆಳು ನಮಗೆಲ್ಲಿ ಎಂದು ಉಳಿದವರು ಅಲ್ಲೇ ಕೈಬಿಡುತ್ತಾರೆ. ಸಾಧಾರಣ ಹಿಡುವಳಿಯವರ, ಜನ ಓಡಾಡುವ ದಾರಿಬದಿಯ ಹೊಲ ಹುಡುಕಿ. ಬೆಳೆ ಕೈಕೊಟ್ಟರೆ ನಷ್ಟ ಯಾರ ಪಾಲಿಗೆ ಎಂಬುದು ಬಿತ್ತನೆಗೆ ಮೊದಲೇ ತೀರ್ಮಾನವಾಗಿರಲಿ. 1903ರಲ್ಲಿ ಅಮೆರಿಕದ ಟೆಕ್ಸಾಸ್‌ನ ಟೆರೆಲ್‌ನಲ್ಲಿ ಕೃಷಿ ವಿಸ್ತರಣೆಯ ಪ್ರವರ್ತಕ ಸೀಮನ್ ನ್ಯಾಪ್ ರೈತನ ಹೊಲದಲ್ಲೇ ಪ್ರಾತ್ಯಕ್ಷಿಕೆ ಹಾಕಿಸಿದಾಗ, ನಷ್ಟವಾದರೆ ತುಂಬಿಕೊಡಲು ಊರಿನವರು ನಿಧಿ ಕೂಡಿಸಿಟ್ಟಿದ್ದರು.

ಹೆಚ್ಚಿನವರು ಎಡವುವುದು ಹೋಲಿಕೆ ತಾಕಿನಲ್ಲಿ, ಅಂದರೆ ಹೊಸ ವಿಧಾನ ಬಳಸದೆ ಹೋಲಿಸಲೆಂದೇ ಬೆಳೆಯುವ ತಾಕಿನಲ್ಲಿ. ಪಕ್ಕದವರ ಹೊಲವನ್ನೋ ಹೋದ ವರ್ಷದ ಇಳುವರಿಯನ್ನೋ ತೋರಿಸುವ ಅಡ್ಡದಾರಿ ಬೇಡವೇ ಬೇಡ; ಮಣ್ಣು ಬೇರೆ, ಮಳೆ ಬೇರೆ. ಒಂದೇ ಹೊಲವನ್ನು ಎರಡು ಮಾಡಿ. ಹೇಗೆ ಎರಡು ಮಾಡುತ್ತೀರಿ ಎಂಬುದೇ ಮುಖ್ಯ. ಇಳಿಜಾರಿಗೆ ಅಡ್ಡವಾಗಿ ಗೆರೆ ಎಳೆದರೆ ತೇವವೂ ಕೊಚ್ಚಿಬಂದ ಮೆಕ್ಕಲು ಮಣ್ಣೂ ಕೆಳಗಿನ ತಾಕಿಗೇ ಸೇರುತ್ತವೆ. ಅಲ್ಲಿ ಏನು ಹಾಕಿದರೂ ಗೆಲ್ಲುತ್ತದೆ. ಗೆರೆ ಮೇಲಿನಿಂದ ಕೆಳಕ್ಕೆ ಹೋಗಲಿ, ಎರಡು ತಾಕಿಗೂ ಮೇಲು-ಕೆಳಗು ಸಮವಾಗಿ ಸಿಗಲಿ. ಮರದ ನೆರಳು, ಹಳೆಯ ತಿಪ್ಪೆಯ ಜಾಗ ಎರಡೂ ತಾಕಿನಿಂದ ಹೊರಗಿರಲಿ. ಸಿಂಪರಣೆಯ ಪ್ರಾತ್ಯಕ್ಷಿಕೆಯಾದರೆ ಔಷಧಿ ಗಾಳಿಗೆ ಹಾರುತ್ತದೆ, ನಡುವೆ ಕೆಲವು ಸಾಲು ಬಿಡಿ.

ಬದಲಾವಣೆ ಒಂದೇ ಇರಬೇಕು. ಬೀಜೋಪಚಾರ ತೋರಿಸುವುದಾದರೆ ತಳಿ, ಗೊಬ್ಬರ, ಬಿತ್ತನೆಯ ದಿನ, ಕಳೆ ತೆಗೆಯುವ ದಿನ ಎಲ್ಲ ಎರಡೂ ಕಡೆ ಒಂದೇ. ಅಧಿಕಾರಿಗೆ ಸಂತೋಷವಾಗಲೆಂದು ಹೋಲಿಕೆ ತಾಕನ್ನು ಕಡೆಗಣಿಸುವ ರೈತರೂ ಇದ್ದಾರೆ. ಆಗಾಗ ಹೋಗಿ ನೋಡುತ್ತಿರಿ. ಮಾರಾಟಗಾರರು ಪುಕ್ಕಟೆ ಕೊಡುವ ‘ಬೆಳೆ ಟಾನಿಕ್’ ಬಾಟಲಿಯನ್ನು ಹೊಲಕ್ಕೆ ತರಲೇ ಬಿಡಬೇಡಿ. ಒಳಗೇನಿದೆ ಎಂದು ಲೇಬಲ್ಲಿನಲ್ಲಿ ಬರೆಯದ ದ್ರಾವಣ ಒಂದು ತಾಕಿಗೆ ಬಿದ್ದರೂ ಇಡೀ ಹಂಗಾಮಿನ ಶ್ರಮ ಹಾಳು.

ಬೋರ್ಡು ಬರೆಸಿ, ನೆಡಿ.

ಇಳುವರಿ ಅಳೆಯಲು ಪ್ರತಿ ತಾಕಿನಲ್ಲೂ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಗುರುತಿಸಿ ಕೊಯ್ಯಿಸಿ. ಅಂಚಿನ ಸಾಲುಗಳನ್ನು ಬಿಟ್ಟು, ಚೀಟಿ ಎತ್ತಿ ಜಾಗ ಆರಿಸಿ. ಕಣ್ಣಿಗೆ ಬಿಟ್ಟರೆ ಅದು ಸೊಂಪಾದ ಪೈರಿನತ್ತಲೇ ಹೋಗುತ್ತದೆ. ಒಕ್ಕಿ, ಒಣಗಿಸಿ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ. ಬಂದ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ: 12 ಕಿಲೊ ಬಂದರೆ 4,800 ಕಿಲೊ.

ಊರವರನ್ನು ಹೊಲಕ್ಕೆ ಕರೆದು ತೋರಿಸುವ ಕ್ಷೇತ್ರೋತ್ಸವವನ್ನು ಮಾತ್ರ ಕೊಯ್ಲಿಗೆ ಮೊದಲೇ, ಪೈರು ನಿಂತಿರುವಾಗಲೇ ಇಟ್ಟುಕೊಳ್ಳಿ. ಮೈಕು ರೈತರ ಕೈಗೆ ಕೊಡಿ. ಬೀಜ, ಗೊಬ್ಬರ, ಕೂಲಿಗೆ ಎರಡು ತಾಕಿನಲ್ಲಿ ಎಷ್ಟೆಷ್ಟು ಖರ್ಚಾಯಿತು ಎಂಬುದನ್ನು ಅವರೇ ಹೇಳಲಿ.